ಶಾಲೆ ಲ್ಯಾಬಿನ ಗ್ಯಾಸ್ ಬರ್ನರ್: ತರುವಲ್ಲಿಂದ ತೊಳೆದಿಡುವವರೆಗೆ

ಪಾಠ ಪುಸ್ತಕದಲ್ಲಿ ಬುನ್ಸೆನ್ ಬರ್ನರಿನ ಚಿತ್ರ ನೋಡಿ, ಯೂಟ್ಯೂಬಲ್ಲಿ ಇಂಗ್ಲೆಂಡಿನ ಯಾರೋ ಟೀಚರ್ ಹಚ್ಚುದನ್ನು ನೋಡಿ, ಅದನ್ನೇ ನಮ್ಮ ಲ್ಯಾಬಲ್ಲಿ ಮಾಡ್ಲಿಕ್ಕೆ ಹೋದ್ರೆ ಅರ್ಧ ಸರಿ ಆಗ್ತದೆ, ಅರ್ಧ ಆಗುದಿಲ್ಲ. ಅಲ್ಲಿ ಟೇಬಲಿಗೆ ಬರುದು ಪೈಪಿನ ನ್ಯಾಚುರಲ್ ಗ್ಯಾಸ್, ನಮ್ಮ ಮಂಗಳೂರು-ಉಡುಪಿ ಕಡೆಯ ಹೆಚ್ಚಿನ ಶಾಲೆಗಳಲ್ಲಿ ಬರುದು ಸಿಲಿಂಡರಿನ ಎಲ್‌ಪಿಜಿ. ಎರಡೂ ಉರಿಯುವ ಗ್ಯಾಸೇ, ಆದ್ರೆ ಸ್ವಭಾವ ಪೂರಾ ಬೇರೆ. ಅದ್ರ ಮೇಲೆ ನಮ್ಮ ಮಳೆ, ನಮ್ಮ ಉಪ್ಪುಗಾಳಿ, ಎರಡು ತಿಂಗಳ ಬೇಸಿಗೆ ರಜೆ ಬೇರೆ. ಹಾಗಾಗಿ ಹೊಸದಾಗಿ ಸೇರಿದ ಸೈನ್ಸ್ ಟೀಚರ್‌ಗಳಿಗೆ, ಪಿಯು ಕಾಲೇಜಿನ ಲ್ಯಾಬ್ ಅಟೆಂಡರುಗಳಿಗೆ ಅಂತ ಇದನ್ನು ನಮ್ಮೂರಿನ ಲೆಕ್ಕದಲ್ಲೇ ಬರೀತಾ ಇದ್ದೇನೆ.

ಹಿಸ್ಟರಿ ಎರಡು ಸಾಲು ಸಾಕು. 1855ರ ಹೊತ್ತಿಗೆ ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ರಾಬರ್ಟ್ ಬುನ್ಸೆನ್ ಹೊಸ ಲ್ಯಾಬ್ ಮಾಡ್ಸುವಾಗ ಮಸಿ ಇಲ್ಲದ, ಬೆಳಕು ಕಮ್ಮಿ ಶಾಖ ಜಾಸ್ತಿ ಇರುವ ಉರಿ ಬೇಕು ಅಂತ ಹೇಳಿದ್ರು, ಅದನ್ನು ಕೈಯಲ್ಲಿ ಮಾಡಿ ಕೊಟ್ಟದ್ದು ಯೂನಿವರ್ಸಿಟಿಯ ಮೆಕ್ಯಾನಿಕ್ ಪೀಟರ್ ಡೆಸಾಗ. ಹೆಸರು ಮಾತ್ರ ಪ್ರೊಫೆಸರಿಂದು ಉಳೀತು, ಲ್ಯಾಬ್ ಅಟೆಂಡರುಗಳಿಗೆ ಇದೇನು ಹೊಸ ವಿಷಯ ಅಲ್ಲ ಬಿಡಿ. ಆ ಬಣ್ಣ ಇಲ್ಲದ ಉರಿ ಇದ್ದದ್ದಕ್ಕೇ ಬುನ್ಸೆನ್ ಮತ್ತೆ ಫಿಸಿಕ್ಸ್ ಪ್ರೊಫೆಸರ್ ಕಿರ್ಕಾಫ್ ಸೇರಿ 1860ರಲ್ಲಿ ಸೀಸಿಯಂ, 1861ರಲ್ಲಿ ರುಬಿಡಿಯಂ ಅನ್ನುವ ಲೋಹ ಕಂಡುಹಿಡಿದದ್ದು. ನಮ್ಮ ಪಿಯು ಮಕ್ಕಳು ಸಾಲ್ಟ್ ಅನಾಲಿಸಿಸಲ್ಲಿ ಮಾಡುವ ಫ್ಲೇಮ್ ಟೆಸ್ಟಿಗೂ (ಉರಿಯ ಬಣ್ಣ ನೋಡಿ ಲೋಹ ಗುರುತಿಸುದು) ಬೇಕಾದದ್ದು ಅದೇ ಉರಿ.

ಮೊದಲು ಬರ್ನರ್ ತರುವ ವಿಷಯ

ಸೈಂಟಿಫಿಕ್ ಸಾಮಾನಿನ ಅಂಗಡಿಗೆ ಹೋಗಿ "ಬುನ್ಸೆನ್ ಬರ್ನರ್ ಕೊಡಿ" ಅಂದ್ರೆ ಯಾವುದೋ ಒಂದು ಕೊಡ್ತಾರೆ. ಹಾಗೆ ಕೇಳ್ಬೇಡಿ, "ಎಲ್‌ಪಿಜಿ ಜೆಟ್ ಇರುವ ಬರ್ನರ್" ಅಂತಲೇ ಕೇಳಿ, ಬಿಲ್ಲಲ್ಲೂ ಹಾಗೇ ಬರೆಸಿ. ಬರ್ನರಿನ ಉದ್ದ ಕೊಳವೆಯನ್ನು ತಿರುಗಿಸಿ ತೆಗೆದ್ರೆ ಅಡಿಯಲ್ಲಿ ಒಂದು ಚಿಕ್ಕ ಹಿತ್ತಾಳೆಯ ಮೊಳೆಯಂತದು ಕಾಣ್ತದೆ, ಅದ್ರ ತುದಿಯಲ್ಲಿ ತೂತು, ಅದೇ ಜೆಟ್. ಬರ್ನರಿನ ಪೂರ್ತಿ ಜಾತಕ ಇರುದು ಆ ತೂತಿನ ಸೈಜಲ್ಲಿ. ಎಲ್‌ಪಿಜಿ ಜೆಟ್ ತೂತು ತುಂಬ ಸಪೂರ, ನ್ಯಾಚುರಲ್ ಗ್ಯಾಸಿನ ಜೆಟ್ ಅದಕ್ಕಿಂತ ದೊಡ್ಡದು.

ಯಾಕೆ ಹೀಗೆ? ಲೆಕ್ಕ ಮಾಡಿ ನೋಡಿ, ಹತ್ತನೇ ಕ್ಲಾಸಿನ ಮಕ್ಕಳಿಂದಲೇ ಮಾಡ್ಸಬಹುದು, ಇಕ್ವೇಷನ್ ಬ್ಯಾಲೆನ್ಸ್ ಮಾಡಿದ್ರೆ ಉತ್ತರ ಬರ್ತದೆ. ನ್ಯಾಚುರಲ್ ಗ್ಯಾಸಲ್ಲಿ ಮುಖ್ಯವಾಗಿ ಇರುದು ಮೀಥೇನ್, ಒಂದು ಲೀಟರ್ ಮೀಥೇನ್ ಪೂರ್ತಿ ಉರೀಲಿಕ್ಕೆ 2 ಲೀಟರ್ ಆಕ್ಸಿಜನ್, ಅಂದ್ರೆ ಸುಮಾರು 9.5 ಲೀಟರ್ ಗಾಳಿ ಬೇಕು. ಪ್ರೊಪೇನಿಗೆ ಸುಮಾರು 24 ಲೀಟರ್, ಬ್ಯೂಟೇನಿಗೆ 31. ನಮ್ಮ ಸಿಲಿಂಡರಲ್ಲಿ ಇರುದು ಈ ಕೊನೆಯ ಎರಡರ ಮಿಕ್ಸ್. ಹಾಗಾದ್ರೆ ಗ್ಯಾಸ್ ಚೂರೇ ಬಿಟ್ಟು ಗಾಳಿ ಜಾಸ್ತಿ ಎಳೀಬೇಕಲ್ವಾ, ಅದಕ್ಕೇ ಸಪೂರ ತೂತು. ಸಪೂರ ತೂತಿಂದ ಗ್ಯಾಸ್ ಸ್ಪೀಡಲ್ಲಿ ಚಿಮ್ಮುವಾಗ ಬದಿಯ ಗಾಳಿ ತೂತಿಂದ ಗಾಳಿಯನ್ನು ತಾನೇ ಎಳ್ಕೊಳ್ತದೆ, ಫ್ಯಾನ್ ಎಂತದೂ ಬೇಡ. ತಪ್ಪಿ ದೊಡ್ಡ ಜೆಟ್ಟಿನ ಬರ್ನರ್ ತಂದು ಎಲ್‌ಪಿಜಿಗೆ ಸಿಕ್ಕಿಸಿದ್ರೆ ಒಂದು ಅಡಿ ಎತ್ತರಕ್ಕೆ ಹಳದಿ ಉರಿ ಏಳ್ತದೆ, ಗಾಳಿ ತೂತು ಪೂರ್ತಿ ತೆಗೆದ್ರೂ ನೀಲಿ ಆಗುದೇ ಇಲ್ಲ, ಬೀಕರಿನ ಅಡಿ ಪೂರಾ ಮಸಿ. ಇದನ್ನು "ಬರ್ನರ್ ಹಾಳು" ಅಂತ ಮೂಲೆಗೆ ಹಾಕಿದ ಶಾಲೆಗಳುಂಟು. ಬರ್ನರ್ ಹಾಳಲ್ಲ ಮಾರಾಯ್ರೆ, ಜೆಟ್ ಬದಲಾಯಿಸಿದ್ರೆ ಮುಗೀತು.

ಕೊಳ್ಳುವಾಗ ಇನ್ನೊಂದು ನೋಡ್ಬೇಕಾದದ್ದು ತಳ. ತಳ ಭಾರ ಇರ್ಬೇಕು, ಬೀಡಿಂದು (ಎರಕದ ಕಬ್ಬಿಣದ್ದು) ಆದ್ರೆ ಒಳ್ಳೇದು. ಹಗುರದ ತಗಡಿನ ತಳದ್ದು ರಬ್ಬರ್ ಟ್ಯೂಬಿನ ಎಳೆತಕ್ಕೇ ಪಲ್ಟಿ ಹೊಡೀತದೆ. ಗಾಳಿ ತೂತನ್ನು ಮುಚ್ಚಿ ತೆಗೆಯುವ ಗಾಳಿ ರಿಂಗ್ ಕೈಯಲ್ಲಿ ಸಲೀಸಾಗಿ ತಿರುಗ್ಬೇಕು, ಆದ್ರೆ ತಾನಾಗಿ ಜಾರ್ಬಾರ್ದು.

ಸಿಲಿಂಡರ್ ಎಲ್ಲಿಡುದು

ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ, ಯಾಕಂದ್ರೆ ಬರ್ನರಿಂದ ಆಗುವ ಅನಾಹುತ ಕಮ್ಮಿ, ಸಿಲಿಂಡರ್ ಪೈಪಿಂದ ಆಗುದೇ ದೊಡ್ಡದು.

ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರ, ಬ್ಯೂಟೇನ್ ಸುಮಾರು ಎರಡು ಪಟ್ಟು. ಲೀಕ್ ಆದ ಎಲ್‌ಪಿಜಿ ಮೇಲೆ ಹೋಗುದಿಲ್ಲ, ನೀರಿನ ಹಾಗೆ ಕೆಳಗಿಳಿದು ನೆಲದಲ್ಲಿ ಹರಿದು ತಗ್ಗಲ್ಲಿ ನಿಲ್ತದೆ. ಮೇಲಿನ ಕಿಟಕಿ ತೆಗೆದಿಟ್ಟು "ನಮ್ಮಲ್ಲಿ ವೆಂಟಿಲೇಷನ್ ಉಂಟು" ಅಂದ್ರೆ ಅದು ಎಲ್‌ಪಿಜಿಗೆ ಲೆಕ್ಕಕ್ಕಿಲ್ಲ. ನೆಲಮಟ್ಟದಲ್ಲಿ ಹೊರಗೆ ಹೋಗ್ಲಿಕ್ಕೆ ದಾರಿ ಬೇಕು, ಬಾಗಿಲಿನ ಅಡಿ ಸಂದೋ, ಗೋಡೆಯ ಅಡಿಯಲ್ಲಿ ಜಾಲರಿಯೋ. ಸಿಲಿಂಡರ್ ಲ್ಯಾಬಿನ ಒಳಗೆ ಬೇಡವೇ ಬೇಡ. ಹೊರಗಿನ ಗೋಡೆಗೆ ತಾಗಿ, ಮಾಡಿನ ಅಡಿಯಲ್ಲಿ, ಜಾಲರಿ ಬಾಗಿಲಿನ ಗೂಡು ಮಾಡ್ಸಿ ನಿಲ್ಲಿಸಿ ಇಡಿ. ಹತ್ತಿರದಲ್ಲಿ ಚರಂಡಿ ಇರ್ಬಾರ್ದು. ನಮ್ಮಲ್ಲಿ ಮಳೆನೀರಿಗೆ ಅಂತ ಪ್ರತಿ ಬಿಲ್ಡಿಂಗಿನ ಸುತ್ತ ಚರಂಡಿ ಇರ್ತದಲ್ಲ, ಗ್ಯಾಸ್ ಅದಕ್ಕೆ ಇಳಿದ್ರೆ ಎಲ್ಲಿಗೆ ಹೋಗಿ ಯಾವ ಬೆಂಕಿಗೆ ಸಿಗ್ತದೆ ಹೇಳ್ಲಿಕ್ಕೆ ಆಗುದಿಲ್ಲ. ಅಡ್ಡ ಮಲಗಿಸ್ಲಿಕ್ಕಿಲ್ಲ, ಮಲಗಿಸಿದ್ರೆ ಗ್ಯಾಸಿನ ಬದಲು ದ್ರವವೇ ಪೈಪಿಗೆ ಬರ್ತದೆ, ಒಂದು ಲೀಟರ್ ದ್ರವ ಅಂದ್ರೆ ಸುಮಾರು 250 ಲೀಟರ್ ಗ್ಯಾಸ್.

ಮನೆಯ ಕೆಂಪು 14.2 ಕೆಜಿ ಸಿಲಿಂಡರ್ ಅಡುಗೆಗೆ ಇರುದು, ಲ್ಯಾಬಿಗೆ 19 ಕೆಜಿಯ ಕಮರ್ಷಿಯಲ್ ತಕ್ಕೊಳ್ಳಿ. ಆದ್ರೆ ಅದ್ರ ಜೊತೆ ಹೋಟೆಲ್ ಒಲೆಗೆ ಹಾಕುವ ಹೈ ಪ್ರೆಶರ್ ರೆಗ್ಯುಲೇಟರ್ ಸಿಕ್ಕಿಸಿ ಹೋಗ್ತಾರೆ ಕೆಲವು ಸಲ, ಅದನ್ನು ವಾಪಸ್ ಕಳಿಸಿ. ಬುನ್ಸೆನ್ ಬರ್ನರಿಗೆ ಮನೆ ಒಲೆಯಷ್ಟೇ ಪ್ರೆಶರ್ ಸಾಕು, ಸುಮಾರು 30 ಮಿಲಿಬಾರ್. ಸಿಲಿಂಡರಿಂದ ಗೋಡೆಯ ಲೋಹದ ಪೈಪಿಗೆ ಬರುವಲ್ಲಿ ಕಿತ್ತಳೆ ಬಣ್ಣದ ಸುರಕ್ಷಾ ಪೈಪ್, ಒಳಗೆ ವೈರ್ ಇರುವಂತದ್ದು, ಅದ್ರ ಮೇಲೆ ಪ್ರಿಂಟಾದ ವರ್ಷ ನೋಡಿ ಐದು ವರ್ಷಕ್ಕೆ ಬದಲಾಯಿಸುದು. ಟೇಬಲಿನ ಕಾಕಿಂದ (ಗ್ಯಾಸ್ ಬಿಡುವ ನಲ್ಲಿ) ಬರ್ನರಿಗೆ ಬರುವ ರಬ್ಬರ್ ಟ್ಯೂಬ್ ಅಷ್ಟು ಸಮಯ ಕಾಯುದಿಲ್ಲ, ನಮ್ಮ ಹವೆಗೆ ಬೇಗ ಅಂಟು ಅಂಟು ಆಗ್ತದೆ, ಬಗ್ಗಿಸಿ ನೋಡಿ, ಗೆರೆ ಬಿಟ್ಟಿದ್ರೆ ಬಿಸಾಡಿ. ಎರಡೂ ತುದಿಗೆ ಕ್ಲಿಪ್ ಹಾಕಿ. ಬರೀ ಟೈಟ್ ಉಂಟು ಅಂತ ಬಿಡ್ಲಿಕ್ಕಿಲ್ಲ.

ಲೀಕ್ ನೋಡುದು ಸೋಪು ನೀರಿನಲ್ಲಿ. ಪಾತ್ರೆ ತೊಳೆಯುವ ಲಿಕ್ವಿಡ್ ಚೂರು ನೀರಿಗೆ ಹಾಕಿ ಬ್ರಶ್ಶಲ್ಲಿ ಪ್ರತಿ ಜಾಯಿಂಟಿಗೆ ಹಚ್ಚಿ, ಬರ್ನರ್ ಕಾಕ್ ಎಲ್ಲ ಬಂದ್ ಮಾಡಿ ರೆಗ್ಯುಲೇಟರ್ ಆನ್ ಮಾಡಿ, ಗುಳ್ಳೆ ಬಂದ್ರೆ ಲೀಕ್. ಬೆಂಕಿಕಡ್ಡಿ ಗೀರಿ ನೋಡುವವರು ಈಗಲೂ ಇದ್ದಾರೆ, ಅಂಥವರನ್ನು ಲ್ಯಾಬಿನ ಹತ್ತಿರ ಬಿಡ್ಬೇಡಿ.

ಈಗ ಹಚ್ಚುದು

ಫ್ಯಾನ್ ಬಂದ್ ಮಾಡಿ. ಮಾರ್ಚಿ ತಿಂಗಳಲ್ಲಿ ಮಂಗಳೂರಲ್ಲಿ ಫ್ಯಾನ್ ಬಂದ್ ಅಂದ್ರೆ ಮಕ್ಕಳು ಮುಖ ಸಣ್ಣ ಮಾಡ್ತಾರೆ, ಮಾಡ್ಲಿ, ಸೀಲಿಂಗ್ ಫ್ಯಾನಿನ ಅಡಿಯಲ್ಲಿ ಉರಿ ಯಾವ ಕಡೆಗೆ ಬಗ್ಗುತ್ತದೆ ಅಂತ ಹೇಳ್ಲಿಕ್ಕೆ ಆಗುದಿಲ್ಲ. ಚೂಡಿದಾರದ ಶಾಲು ಹಿಂದಕ್ಕೆ ಗಂಟು ಹಾಕಿ, ಜಡೆ ಮುಂದೆ ಬರ್ಬಾರ್ದು, ಮಲ್ಲಿಗೆ ಮುಡಿದು ಬಂದವರು ಅದು ಕೂಡ ನೇತಾಡದ ಹಾಗೆ ಸಿಕ್ಕಿಸಿ. ಕೈಗೆ ಸ್ಯಾನಿಟೈಸರ್ ಹಾಕಿದ್ರೆ ಪೂರ್ತಿ ಒಣಗುವವರೆಗೆ ಬೆಂಕಿ ಹತ್ತಿರ ಬರ್ಬಾರ್ದು, ಅದ್ರಲ್ಲಿ ಹೆಚ್ಚಿನ ಪಾಲು ಆಲ್ಕೊಹಾಲ್. ಕನ್ನಡಕ ಇದ್ರೆ ಹಾಕಿ, ಗಾಗಲ್ಸ್ ಇದ್ರೆ ಇನ್ನೂ ಒಳ್ಳೇದು.

ಬರ್ನರನ್ನು ಟೇಬಲಿನ ಅಂಚಿಂದ ಒಂದು ಗೇಣಾದ್ರೂ ಒಳಗೆ ಇಡಿ. ಟ್ಯೂಬ್ ಎಲ್ಲೂ ಮಡಚಿರ್ಬಾರ್ದು, ಸ್ಟೂಲಿನ ಕಾಲು ಅದ್ರ ಮೇಲೆ ಕೂತಿರ್ಬಾರ್ದು.

ಗಾಳಿ ರಿಂಗ್ ತಿರುಗಿಸಿ ತೂತು ಪೂರ್ತಿ ಮುಚ್ಚಿ.

ಇನ್ನು ಎಲ್ಲರೂ ಉಲ್ಟಾ ಮಾಡುವ ಜಾಗ: ಮೊದಲು ಕಡ್ಡಿ ಗೀರುದು, ಆಮೇಲೆ ಗ್ಯಾಸ್ ಬಿಡುದು. ಗ್ಯಾಸ್ ತಿರುಗಿಸಿಟ್ಟು ಬೆಂಕಿಪೊಟ್ಟಣ ಹುಡುಕ್ಲಿಕ್ಕೆ ಹೋದ್ರೆ ಅಷ್ಟರೊಳಗೆ ಟೇಬಲ್ ಮೇಲೆ, ನೆಲದಲ್ಲಿ ಗ್ಯಾಸ್ ಹರಡಿರ್ತದೆ. ಕಡ್ಡಿ ಗೀರಿ, ಉರಿ ನಿಂತ ಮೇಲೆ, ಅದನ್ನು ಕೊಳವೆಯ ಬಾಯಿಯ ಬದಿಗೆ ತನ್ನಿ, ಮೇಲಿಂದ ಅಲ್ಲ, ಬದಿಯಿಂದ. ಮುಖ ದೂರ. ಇನ್ನೊಂದು ಕೈಯಲ್ಲಿ ಕಾಕ್ ನಿಧಾನ ತಿರುಗಿಸಿ. ಭಗ್ ಅಂತ ಹಳದಿ ಉರಿ ಬರ್ತದೆ, ಕಡ್ಡಿ ತೆಗೆದು ನಂದಿಸಿ ಮರಳಿನ ಡಬ್ಬಿಗೆ ಹಾಕಿ, ಸಿಂಕಿಗೆ ಬೇಡ. ಅಡುಗೆಮನೆಯ ಗ್ಯಾಸ್ ಲೈಟರ್ ಆದ್ರೂ ಆಗ್ತದೆ, ಕೊಳವೆಯ ಅಂಚಿಗೆ ಬದಿಯಿಂದ ಹಿಡಿದು ಕ್ಲಿಕ್ ಮಾಡ್ತಾ ಕಾಕ್ ತೆಗೀರಿ. ಒಂದೆರಡು ಕ್ಷಣದಲ್ಲಿ ಹತ್ತದಿದ್ರೆ ಗ್ಯಾಸ್ ಬಂದ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು ಮತ್ತೆ. ಹಠ ಮಾಡಿ ಗ್ಯಾಸ್ ಬಿಟ್ಕೊಂಡೇ ಕಡ್ಡಿ ಮೇಲೆ ಕಡ್ಡಿ ಗೀರ್ಲಿಕ್ಕಿಲ್ಲ.

ಈ ಹಳದಿ ಉರಿಗೆ ಸೇಫ್ಟಿ ಫ್ಲೇಮ್ ಅಂತ ಹೆಸರು, ದೂರದಿಂದಲೇ ಕಣ್ಣಿಗೆ ಕಾಣ್ತದೆ ಅಂತ. ಕೆಲಸ ಇಲ್ಲದೆ ಬರ್ನರ್ ಉರಿತಾ ಇಡ್ಬೇಕಾದ್ರೆ ಹಳದಿಯಲ್ಲೇ ಇಡಿ. ನೀಲಿ ಉರಿ ಬಿಸಿಲು ಬಿದ್ದ ಟೇಬಲಲ್ಲಿ ಕಾಣುದೇ ಇಲ್ಲ, ಅದ್ರ ಮೇಲಿಂದ ಕೈ ಚಾಚಿ ಅಂಗಿ ತೋಳು ಸುಟ್ಟುಕೊಳ್ಳುದು ಹಾಗೇ.

ಕೆಲಸಕ್ಕೆ ಬೇಕಾದಾಗ ಗಾಳಿ ರಿಂಗನ್ನು ನಿಧಾನ ತೆಗೀರಿ.

ಉರಿಯನ್ನು ಓದುದು ಹೇಗೆ

ಇಷ್ಟು ಕಲಿತ್ರೆ ಬರ್ನರ್ ಕಲಿತ ಹಾಗೆ. ಬಾಕಿ ಎಲ್ಲ ಇದ್ರ ಸುತ್ತಲೇ.

ಗಾಳಿ ಬಂದ್ ಇದ್ದಾಗ ಗ್ಯಾಸ್ ಅರೆಬರೆ ಉರಿದು ಕಾರ್ಬನ್ ಕಣ ಉಳೀತದೆ, ಅದು ಕಾದು ಹೊಳೆಯುದೇ ಹಳದಿ ಬೆಳಕು, ಅದೇ ತಣ್ಣಗಿನ ಗಾಜಿಗೆ ತಾಗಿದ್ರೆ ಮಸಿ. ಗಾಳಿ ತೆಗೀತಾ ಹೋದ ಹಾಗೆ ಹಳದಿ ಕೆಳಗಿಂದ ಮಾಯ ಆಗಿ ತುದಿಯಲ್ಲಿ ಮಾತ್ರ ಉಳೀತದೆ, ಮತ್ತೆ ಅದೂ ಹೋಗಿ ಉರಿ ಪೂರಾ ನೀಲಿ. ಇನ್ನೂ ಸ್ವಲ್ಪ ತೆಗೆದ್ರೆ ಒಳಗೆ ಇನ್ನೊಂದು ಚೂಪು ಕೋನ್ ಕಾಣ್ತದೆ, ತಿಳಿ ಹಸಿರು-ನೀಲಿ ಬಣ್ಣ, ಅಂಚು ಬ್ಲೇಡಿನಷ್ಟು ಸ್ಪಷ್ಟ, ಸಣ್ಣಕ್ಕೆ ಸುಂಯ್ ಅಂತ ಶಬ್ದ. ನಮಗೆ ಬೇಕಾದ ಹದ ಇದೇ. ಆ ಒಳಗಿನ ಕೋನಿನಲ್ಲಿ ಇರುದು ಇನ್ನೂ ಉರಿಯದ ಗ್ಯಾಸ್ ಮತ್ತು ಗಾಳಿ, ಅಲ್ಲಿ ಬಿಸಿ ಕಮ್ಮಿ. ಹೆಚ್ಚು ಬಿಸಿ ಇರುದು ಆ ಕೋನಿನ ತುದಿಯಿಂದ ಚೂರು ಮೇಲೆ, 1500 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಬೀಕರಿನ ಅಡಿಗೆ ಇಡುವ ತಂತಿ ಬಲೆ, ಅಂದ್ರೆ ವೈರ್ ಗಾಜ್, ಆ ಎತ್ತರಕ್ಕೆ ಬರುವ ಹಾಗೆ ಉರಿ ಹೊಂದಿಸಿ, ಬರ್ನರನ್ನು ಟ್ರೈಪಾಡಿನ ಅಡಿಗೆ ತುರುಕಿ ಕೋನನ್ನೇ ಆ ಬಲೆಗೆ ಕುಟ್ಟಿದ್ರೆ ನೀರು ಕಾಯ್ಲಿಕ್ಕೆ ಗಂಟೆ ಹಿಡೀತದೆ, ಗ್ಯಾಸೂ ದಂಡ.

ಗಾಳಿ ಅಥವಾ ಗ್ಯಾಸ್ ವಿಪರೀತ ಆದ್ರೆ ಉರಿ ಕೊಳವೆಯ ಬಾಯಿ ಬಿಟ್ಟು ಮೇಲೆ ತೇಲ್ಲಿಕ್ಕೆ ಶುರು ಮಾಡ್ತದೆ, ಮಧ್ಯದಲ್ಲಿ ಖಾಲಿ ಜಾಗ ಕಾಣ್ತದೆ, ದೊಡ್ಡಕ್ಕೆ ಬುಸುಗುಟ್ಟುತ್ತದೆ. ಇನ್ನೊಂದು ಗಾಳಿಗೆ ನಂದಿ ಹೋಗ್ತದೆ, ಗ್ಯಾಸ್ ಮಾತ್ರ ಬರ್ತಾ ಇರ್ತದೆ. ಕೂಡ್ಲೆ ಗ್ಯಾಸ್ ಸ್ವಲ್ಪ ಕಮ್ಮಿ ಮಾಡಿ, ಗಾಳಿ ಸ್ವಲ್ಪ ಮುಚ್ಚಿ.

ನೀಲಿ ಉರಿಯಲ್ಲಿ ಆಗಾಗ ಕಿತ್ತಳೆ ಬಣ್ಣದ ಚುಕ್ಕಿ ಮಿಂಚಿ ಹೋಗುದು ಕಂಡ್ರೆ ಬರ್ನರಿಗೆ ಎಂತ ಆಗಿಲ್ಲ. ಅದು ಗಾಳಿಯಲ್ಲಿರುವ ಉಪ್ಪು, ಧೂಳು. ಪಣಂಬೂರು, ಮಲ್ಪೆ, ಉಳ್ಳಾಲದಂಥ ಸಮುದ್ರದ ಬದಿಯ ಶಾಲೆಗಳಲ್ಲಿ ಇದು ಇದ್ದದ್ದೇ. ಮಕ್ಕಳಿಗೆ ತೋರಿಸಿ, ಸೋಡಿಯಂ ಫ್ಲೇಮ್ ಟೆಸ್ಟ್ ಸಮುದ್ರವೇ ಮಾಡಿಕೊಡ್ತಾ ಉಂಟು.

ಉರಿ ಒಳಗೆ ಹೋದ್ರೆ

"ಸರ್, ಎಂತದೋ ಸೌಂಡ್ ಬರ್ತಾ ಉಂಟು" ಅಂತ ಕೊನೆ ಟೇಬಲಿನವರು ಕೂಗಿದ್ರೆ ಹೆಚ್ಚಾಗಿ ಇದೇ. ಕೊಳವೆಯ ಬಾಯಲ್ಲಿ ಉರಿ ಕಾಣುದಿಲ್ಲ, ಅಥವಾ ಹಸಿರು ಬಣ್ಣದ ಸಪೂರ ಉರಿ ಕಾಣ್ತದೆ, ಒಳಗಿಂದ ಶಿಳ್ಳೆಯಂಥ ಶಬ್ದ, ಕೆಟ್ಟ ವಾಸನೆ. ಉರಿ ಕೊಳವೆಯೊಳಗೆ ಇಳಿದು ಜೆಟ್ಟಿನ ತುದಿಯಲ್ಲೇ ಉರೀತಾ ಉಂಟು ಅಂತ ಅರ್ಥ, ಇದಕ್ಕೆ ಸ್ಟ್ರೈಕ್ ಬ್ಯಾಕ್ ಅಂತಾರೆ. ಹಸಿರು ಬರುದು ಹಿತ್ತಾಳೆಯ ತಾಮ್ರದಿಂದ.

ಆಗುದು ಯಾವಾಗ? ಕೊಳವೆಯಲ್ಲಿ ಮೇಲೆ ಹೋಗುವ ಗ್ಯಾಸಿನ ಸ್ಪೀಡಿಗಿಂತ ಉರಿ ಕೆಳಗೆ ಇಳಿಯುವ ಸ್ಪೀಡ್ ಜಾಸ್ತಿ ಆದಾಗ. ಅಂದ್ರೆ ಗಾಳಿ ಪೂರ್ತಿ ತೆಗೆದಿಟ್ಟು ಗ್ಯಾಸ್ ಕಮ್ಮಿ ಮಾಡಿದಾಗ, ಗಾಳಿ ತೂತು ಮುಚ್ಚದೆ ಹಚ್ಚಿದಾಗ, ಯಾರೋ ಟ್ಯೂಬ್ ಮೆಟ್ಟಿ ನಿಂತಾಗ, ಜೆಟ್ ಅರ್ಧ ಕಟ್ಟಿಕೊಂಡಾಗ. ಇನ್ನೊಂದು ಕಾರಣ ಪಿಯು ಪ್ರಾಕ್ಟಿಕಲ್ ಪರೀಕ್ಷೆ ದಿನ ಗ್ಯಾರಂಟಿ ಎದುರಾಗ್ತದೆ: ಎಲ್ಲ ಟೇಬಲಿನವರು ಒಟ್ಟಿಗೆ ಹಚ್ಚಿದ್ರೆ ರೆಗ್ಯುಲೇಟರಿಂದ ಬರುವ ಗ್ಯಾಸ್ ಹಂಚಿ ಹೋಗಿ ಪೈಪಿನ ಕೊನೆಯ ಟೇಬಲಿಗೆ ಪ್ರೆಶರ್ ಸಾಲುದಿಲ್ಲ, ಸಿಲಿಂಡರ್ ಮುಗಿಲಿಕ್ಕೆ ಬಂದಿದ್ರಂತೂ ಹೇಳುದೇ ಬೇಡ. ಪರೀಕ್ಷೆಯ ಹಿಂದಿನ ದಿನ ಸಿಲಿಂಡರ್ ತೂಕ ನೋಡಿ, ಖಾಲಿ ಸಿಲಿಂಡರಿನ ತೂಕ ಅದ್ರ ಮೇಲೆಯೇ ಬರೆದಿರ್ತದೆ.

ಮಾಡ್ಬೇಕಾದದ್ದು: ಕಾಕ್ ಬಂದ್. ಬರ್ನರ್ ಮುಟ್ಲಿಕ್ಕೆ ಹೋಗ್ಬೇಡಿ, ಗಾಳಿ ರಿಂಗ್ ಇರುವ ಜಾಗವೇ ಕೆಂಡದಷ್ಟು ಬಿಸಿ ಆಗಿರ್ತದೆ, ರಬ್ಬರ್ ಟ್ಯೂಬಿನ ತುದಿಯೂ ಮೆತ್ತಗಾಗಿರ್ಬಹುದು. ಪೂರ್ತಿ ತಣಿಯುವವರೆಗೆ ಕಾದು, ಟ್ಯೂಬ್ ನೋಡಿ, ಗಾಳಿ ತೂತು ಮುಚ್ಚಿ, ಮೊದಲಿಂದ ಹಚ್ಚಿ. ಮತ್ತೂ ಒಳಗೆ ಹೋದ್ರೆ ಜೆಟ್ ಕ್ಲೀನ್ ಮಾಡುವ ಟೈಮ್ ಬಂದಿದೆ.

ಬಿಸಿ ಮಾಡುವಾಗ

ಇದೆಲ್ಲ ಗೊತ್ತಿರುದೇ, ಬೇಗ ಬೇಗ ಹೇಳಿ ಮುಗಿಸ್ತೇನೆ. ಟೆಸ್ಟ್ ಟ್ಯೂಬ್ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತುಂಬ್ಬಾರ್ದು, ಓರೆ ಹಿಡಿದು ಆಡಿಸ್ತಾ ಇರ್ಬೇಕು, ಬಾಯಿ ಯಾರ ಕಡೆಗೂ ಇರ್ಬಾರ್ದು, ನಿಮ್ಮ ಕಡೆಗೂ. ಅಡಿಗಿಂತ ದ್ರವದ ಮೇಲ್ಭಾಗಕ್ಕೆ ಮೊದಲು ಉರಿ ತೋರಿಸಿದ್ರೆ ಚಿಮ್ಮುದು ಕಮ್ಮಿ. ಬೀಕರಿಗೆ ಒಡೆದ ಮಡಕೆ ಚೂರು ಒಂದೆರಡು ಹಾಕಿ, ಕುದಿ ಹದಕ್ಕೆ ಬರ್ತದೆ. ಹಳೇ ವೈರ್ ಗಾಜಿನ ನಡುವೆ ಇರುವ ಬಿಳಿ ವೃತ್ತ ಆಸ್ಬೆಸ್ಟಾಸ್ ಆಗಿದ್ರೆ, ಅದು ಉದುರ್ತಾ ಇದ್ರೆ, ಅದನ್ನು ಉಪಯೋಗಿಸ್ಬೇಡಿ, ಸೆರಾಮಿಕ್ ಇರುದು ತನ್ನಿ. ಬೋರೋಸಿಲಿಕೇಟ್ ಗಾಜು ಕೂಡ 800 ಡಿಗ್ರಿ ದಾಟಿದ್ರೆ ಮೆತ್ತಗಾಗ್ತದೆ, ಒಂದೇ ಜಾಗಕ್ಕೆ ಉರಿ ಹಿಡಿದು ನಿಲ್ಬೇಡಿ. ಬಿಸಿ ಗಾಜಿಗೂ ತಣ್ಣಗಿನ ಗಾಜಿಗೂ ನೋಡ್ಲಿಕ್ಕೆ ವ್ಯತ್ಯಾಸ ಇಲ್ಲ, ಮಕ್ಕಳು ಕೈ ಸುಟ್ಟುಕೊಳ್ಳುದು ಉರಿಗಿಂತ ಹೆಚ್ಚು ಇದ್ರಲ್ಲೇ.

ಹತ್ತನೇ ಕ್ಲಾಸಿನ ಲೆಡ್ ನೈಟ್ರೇಟ್ ಕಾಯಿಸುವ ಪ್ರಯೋಗದಲ್ಲಿ ಕಂದು ಹೊಗೆ ಬರ್ತದಲ್ಲ, ಅದು ನೈಟ್ರೋಜನ್ ಡೈಆಕ್ಸೈಡ್, ಫೆರಸ್ ಸಲ್ಫೇಟಿಂದು ಸಲ್ಫರ್ ಡೈಆಕ್ಸೈಡ್. ಎರಡೂ ಚಿಟಿಕೆಯಷ್ಟು ತಕ್ಕೊಂಡು ತೆರೆದ ಕಿಟಕಿ ಹತ್ತಿರ ಟೀಚರ್ ಮಾತ್ರ ಮಾಡಿ ತೋರಿಸಿದ್ರೆ ಸಾಕು, ಮೂವತ್ತು ಮಕ್ಕಳೂ ಮಾಡ್ಬೇಕು ಅಂತ ಎಂತ ಇಲ್ಲ. ಮೆಗ್ನೀಸಿಯಂ ರಿಬ್ಬನ್ ಉರಿಸುವಾಗ ನೇರ ನೋಡ್ಬಾರ್ದು ಅಂತ ಮೊದಲೇ ಹೇಳಿ.

ಫ್ಲೇಮ್ ಟೆಸ್ಟಿಗೆ ನೈಕ್ರೋಮ್ ಅಥವಾ ಪ್ಲಾಟಿನಂ ತಂತಿ, ಕಾನ್ಸನ್‌ಟ್ರೇಟೆಡ್ ಹೈಡ್ರೋಕ್ಲೋರಿಕ್ ಆಸಿಡಿಗೆ ಅದ್ದಿ ಉರಿಗೆ ಹಿಡಿದು, ಬಣ್ಣ ಬಾರದೇ ಇರುವವರೆಗೆ ಇದನ್ನೇ ಮಾಡುದು. ಇಲ್ಲಿ ಮಕ್ಕಳು ಸೋಲುದು ಬೆವರಿಂದ. ಬೆರಳಿನ ಬೆವರು ತಂತಿಗೆ ತಾಗಿದ್ರೆ ಸೋಡಿಯಂ ಹಳದಿ ಬಂದು ಎಲ್ಲವನ್ನೂ ಮುಚ್ಚಿಬಿಡ್ತದೆ, ಆಮೇಲೆ ಬೇರಿಯಂನ ಹಸಿರು ಇದ್ರೂ ಕಾಣುದಿಲ್ಲ. ತಂತಿಯ ತುದಿ ಮುಟ್ಟದೆ ಹಿಡಿ ಮಾತ್ರ ಹಿಡೀರಿ. ಉರಿ ಪೂರ್ತಿ ನೀಲಿ ಇರ್ಬೇಕು, ತಂತಿಯನ್ನು ಉರಿಯ ಅಂಚಿಗೆ ಹಿಡೀಬೇಕು. ಕ್ಯಾಲ್ಸಿಯಂ ಇಟ್ಟಿಗೆ ಕೆಂಪು, ಸ್ಟ್ರಾನ್ಷಿಯಂ ಕಡು ಕೆಂಪು, ತಾಮ್ರ ನೀಲಿ ಮಿಶ್ರಿತ ಹಸಿರು. ಪೊಟ್ಯಾಶಿಯಂನ ನಸು ನೇರಳೆ ನೋಡ್ಲಿಕ್ಕೆ ಕೋಬಾಲ್ಟ್ ನೀಲಿ ಗಾಜು ಅಡ್ಡ ಹಿಡಿದ್ರೆ ಸೋಡಿಯಂನ ಹಳದಿ ಸೋಸಿ ಹೋಗ್ತದೆ.

ಎಂಟನೇ ಕ್ಲಾಸಿನ ದಹನ ಮತ್ತು ಜ್ವಾಲೆ ಪಾಠಕ್ಕೆ ಒಂದು ಚೆಂದದ ಡೆಮೊ ಉಂಟು, ಖರ್ಚಿಲ್ಲ. ಒಂದು ಬೆಂಕಿಕಡ್ಡಿಯ ಮದ್ದಿನ ಸ್ವಲ್ಪ ಕೆಳಗೆ ಗುಂಡುಪಿನ್ ಅಡ್ಡ ಚುಚ್ಚಿ, ಬರ್ನರ್ ಹಚ್ಚುವ ಮೊದಲೇ ಕಡ್ಡಿಯನ್ನು ಕೊಳವೆಯ ಬಾಯಿಗೆ ಇಳಿಬಿಡಿ, ಪಿನ್ ಅಂಚಿನ ಮೇಲೆ ಕೂರ್ತದೆ, ಮದ್ದು ಬಾಯಿಯ ನಡುವೆ ಮೇಲ್ಮುಖ ಆಗಿ ನಿಲ್ತದೆ. ಈಗ ಗಾಳಿ ಸ್ವಲ್ಪ ತೆಗೆದಿಟ್ಟು ಬದಿಯಿಂದ ಬರ್ನರ್ ಹಚ್ಚಿ. ಸುತ್ತಲೂ ನೀಲಿ ಉರಿ, ನಡುವಲ್ಲಿ ಬೆಂಕಿಕಡ್ಡಿ ಹತ್ತದೆ ನಿಂತಿರ್ತದೆ. ಒಳ ಕೋನ್ ತಣ್ಣಗೆ ಅಂತ ಹತ್ತು ಸಲ ಬೋರ್ಡಲ್ಲಿ ಬರೆಯುದಕ್ಕಿಂತ ಇದನ್ನು ಒಂದು ಸಲ ತೋರಿಸಿದ್ರೆ ಆಯ್ತು. ಪಿನ್ ಮಾತ್ರ ಆಮೇಲೆ ಇಕ್ಕಳದಲ್ಲೇ ತೆಗೀರಿ.

ಮಳೆಗಾಲ, ರಜೆ

ಜೂನಲ್ಲಿ ಬೆಂಕಿಪೊಟ್ಟಣ ಚಂಡಿ ಆಗ್ತದೆ, ಮುಚ್ಚಳ ಗಟ್ಟಿ ಇರುವ ಡಬ್ಬಿಯಲ್ಲಿ ಇಡಿ. ಮಳೆ ಎರಚಲು ಹೊಡೀತದೆ ಅಂತ ಎಲ್ಲ ಕಿಟಕಿ ಬಾಗಿಲು ಹಾಕಿ ಒಳಗೆ ಹತ್ತು ಬರ್ನರ್ ಹಚ್ಚಿದ್ರೆ ತಲೆನೋವು ಬರ್ತದೆ, ಗಾಳಿ ಸಾಲದೆ ಕಾರ್ಬನ್ ಮೊನಾಕ್ಸೈಡ್ ಆಗುವ ಅಪಾಯವೂ ಉಂಟು, ಹಾಗಾಗಿ ಮಳೆ ಹೊಡೆಯದ ಬದಿಯ ಕಿಟಕಿಯಾದ್ರೂ ತೆಗೆದಿಡಿ.

ಜೋರು ಮಳೆಗೆ ಡಿಸಿ (ಜಿಲ್ಲಾಧಿಕಾರಿ) ಕೊಡುವ ರಜೆ ಎರಡು ಮೂರು ದಿನ ಒಟ್ಟಿಗೆ ಬಿದ್ದು ಲ್ಯಾಬ್ ಬಾಗಿಲು ಹಾಕಿಯೇ ಇತ್ತು ಅಂತ ಇಟ್ಕೊಳ್ಳಿ. ರಜೆ ಮುಗಿದು ಬಾಗಿಲು ತೆಗೆದ ಕೂಡ್ಲೆ ಲೈಟಿನ ಸ್ವಿಚ್ಚಿಗೆ ಕೈ ಹಾಕ್ಬೇಡಿ. ಬಾಗಿಲಲ್ಲೇ ಸ್ವಲ್ಪ ಬಗ್ಗಿ ನೆಲದ ಹತ್ತಿರ ವಾಸನೆ ನೋಡಿ, ಗ್ಯಾಸ್ ಇದ್ರೆ ಅಲ್ಲೇ ಇರುದು, ನಿಂತ ಮೂಗಿಗೆ ಸಿಗುದಿಲ್ಲ. ಎಲ್‌ಪಿಜಿಗೆ ತನ್ನದೇ ವಾಸನೆ ಇಲ್ಲ, ಗೊತ್ತಾಗ್ಲಿ ಅಂತಲೇ ಈಥೈಲ್ ಮರ್ಕಾಪ್ಟಾನ್ ಸೇರಿಸಿರ್ತಾರೆ.

ಬೇಸಿಗೆ ರಜೆ ಕಳೆದು ಬರ್ನರ್ ಹೊರಗೆ ತೆಗೆದ್ರೆ ಇನ್ನೊಂದು ಆಶ್ಚರ್ಯ. ಮಣ್ಣಲ್ಲಿ ಗೂಡು ಕಟ್ಟುವ ಕುಂಬಾರ ಹುಳಕ್ಕೆ ಬರ್ನರಿನ ಕೊಳವೆ ಅಂದ್ರೆ ರೆಡಿಮೇಡ್ ಮನೆ. ಬಾಯಿ ಪೂರ್ತಿ ಮಣ್ಣಿಂದ ಮುಚ್ಚಿ ಒಳಗೆ ಮೊಟ್ಟೆ ಇಟ್ಟು, ಮರಿಗೆ ಊಟ ಅಂತ ಅರೆಜೀವದ ಜೇಡವನ್ನೋ ಹಸಿರು ಹುಳವನ್ನೋ ತುಂಬಿಸಿರ್ತದೆ, ಕುಟ್ಟಿದ್ರೆ ಮಣ್ಣಿನ ಒಟ್ಟಿಗೆ ಅದೂ ಉದುರ್ತದೆ. ಬಯಾಲಜಿ ಟೀಚರನ್ನು ಕರೀರಿ, ಅವರಿಗೂ ಒಂದು ಪಾಠ ಆಯ್ತು. ಇದಕ್ಕಿಂತ ಕಾಣದೇ ಕಾಟ ಕೊಡುದು ಜೆಟ್ಟಿನ ಹತ್ತಿರದ ಜೇಡರ ಬಲೆ. ರಜೆಗೆ ಮೊದಲು ಕೊಳವೆಯ ಬಾಯಿಗೆ, ಗ್ಯಾಸ್ ಬರುವ ತುದಿಗೆ ಬಟ್ಟೆ ತುಂಡು ಕಟ್ಟಿ ಡಬ್ಬಿಯೊಳಗೆ ಇಟ್ಟು ಹೋದ್ರೆ ಈ ರಗಳೆ ಇಲ್ಲ.

ಕ್ಲೀನ್ ಮಾಡುದು

ತಣ್ಣಗಿನ ಬರ್ನರನ್ನು ಟ್ಯೂಬಿಂದ ತೆಗೆದು ಕೊಳವೆ ತಿರುಗಿಸಿ ಬಿಚ್ಚಿ. ಕೊಳವೆಯೊಳಗೆ ಬಾಟ್ಲಿ ಬ್ರಶ್ ಹಾಕಿ. ಜೆಟ್ ಸ್ಪ್ಯಾನರಲ್ಲಿ ಬಿಚ್ಚಿ ಬೆಳಕಿಗೆ ಹಿಡಿದ್ರೆ ತೂತು ದುಂಡಗೆ ಕಾಣ್ಬೇಕು. ಕಟ್ಟಿದ್ರೆ ಸೈಕಲ್ ಪಂಪಲ್ಲಿ ಗಾಳಿ ಹೊಡೀರಿ, ಹೋಗದಿದ್ರೆ ತೂತಿಗಿಂತ ಸಪೂರದ ತಾಮ್ರದ ಎಳೆ, ಹಳೇ ವೈರಿನೊಳಗೆ ಸಿಗ್ತದೆ. ಸ್ಟೀಲ್ ಸೂಜಿ ಬೇಡ, ತೂತು ದೊಡ್ಡದಾದ್ರೆ ಮೊದಲು ಹೇಳಿದ ಹಳದಿ ಉರಿಯ ಕತೆ ಶುರು. ಹಿತ್ತಾಳೆ ಕಪ್ಪಾಗಿದ್ರೆ ಹುಣಸೆಹುಳಿ ಅಥವಾ ಬಿಂಬುಳಿ ಹಾಕಿ ತಿಕ್ಕಿ, ದೀಪಕ್ಕೆ ಹಾಕುವ ಪೌಡರಿಗಿಂತ ಅದೇ ಒಳ್ಳೇದು, ಜೆಟ್ಟಿನೊಳಗೆ ಪುಡಿ ಕೂರುದಿಲ್ಲ. ತೊಳೆದು ಪೂರ್ತಿ ಒಣಗಿಸಿ. ಗಾಳಿ ರಿಂಗಿಗೆ ಹೊಲಿಗೆ ಮೆಷಿನಿನ ಎಣ್ಣೆ ಒಂದು ಹನಿ, ಜೆಟ್ಟಿಗೆ ಎಣ್ಣೆ ಮುಟ್ಟಿಸ್ಬೇಡಿ. ಬೀಡಿನ ತಳಕ್ಕೆ ತುಕ್ಕು ಹಿಡಿಯುದು ನಮ್ಮಲ್ಲಿ ತಪ್ಪಿದ್ದಲ್ಲ, ತಿಕ್ಕಿ ಬಣ್ಣ ಹಚ್ಚಿ.

ವಾಸನೆ ಬಂದ್ರೆ, ಕೈ ಸುಟ್ರೆ

ಗ್ಯಾಸ್ ವಾಸನೆ ಬಂದ್ರೆ ಸ್ವಿಚ್ ಆನ್ ಮಾಡ್ಲೂ ಬೇಡಿ, ಆಫ್ ಮಾಡ್ಲೂ ಬೇಡಿ, ಎಕ್ಸಾಸ್ಟ್ ಫ್ಯಾನ್ ಕೂಡ, ಅದ್ರ ಕಿಡಿಯೇ ಸಾಕು. ಗಾಳಿಯಲ್ಲಿ ಎಲ್‌ಪಿಜಿ ಸುಮಾರು 2 ಪರ್ಸೆಂಟ್ ಆದ್ರೆ ಹತ್ತಿಕೊಳ್ಳುವಷ್ಟು ಆಯ್ತು. ಉರಿತಾ ಇರುವ ಬರ್ನರ್ ಎಲ್ಲ ಬಂದ್, ಮಕ್ಕಳನ್ನು ಹೊರಗೆ ಕಳಿಸಿ, ಹೊರಗಿನ ರೆಗ್ಯುಲೇಟರ್ ಬಂದ್, ಬಾಗಿಲು ಕಿಟಕಿ ತೆಗೆದಿಡಿ. ಫೋನ್ ಮಾಡುದು ದೂರ ಹೋಗಿ, ಎಲ್‌ಪಿಜಿ ಲೀಕಿನ ನಂಬರ್ 1906, ಬೆಂಕಿಯೇ ಬಿದ್ರೆ 101 ಅಥವಾ 112. ರೆಗ್ಯುಲೇಟರ್ ಎಲ್ಲುಂಟು ಅಂತ ಒಬ್ಬರಿಗೆ ಮಾತ್ರ ಗೊತ್ತಿದ್ರೆ ಅವರು ರಜೆ ಹಾಕಿದ ದಿನವೇ ಬೇಕಾಗ್ತದೆ, ಕ್ಲರ್ಕಿಂದ ಹಿಡಿದು ಪಿಟಿ ಮಾಸ್ಟ್ರ ತನಕ ಎಲ್ಲರಿಗೂ ತೋರಿಸಿಡಿ.

ಸುಟ್ಟ ಕೈಗೆ ನಲ್ಲಿ ನೀರು, ಇಪ್ಪತ್ತು ನಿಮಿಷ, ಬಳೆ ಉಂಗುರ ಕೂಡ್ಲೆ ತೆಗೀರಿ. ತೆಂಗಿನೆಣ್ಣೆ, ಟೂತ್‌ಪೇಸ್ಟ್, ಐಸ್ ಯಾವುದೂ ಬೇಡ. ಬೊಬ್ಬೆ ಎದ್ರೆ ಒಡೀಬೇಡಿ, ಡಾಕ್ಟರಿಗೆ ತೋರಿಸಿ.

"ಇಷ್ಟೆಲ್ಲ ರಗಳೆ ಯಾಕೆ, ಸ್ಪಿರಿಟ್ ಲ್ಯಾಂಪ್ ಸಾಕಲ್ವಾ" ಅಂತ ಕೇಳ್ತಾರೆ. ಸಣ್ಣ ಕೆಲಸಕ್ಕೆ ಸಾಕು, ಆದ್ರೆ ಅದು ಬರ್ನರಿಗಿಂತ ಸೇಫ್ ಅಂತ ತಿಳ್ಕೊಂಡಿದ್ರೆ ನಾನು ಒಪ್ಪುದಿಲ್ಲ. ಅದ್ರ ಉರಿ ಹಗಲಲ್ಲಿ ಕಾಣುದಿಲ್ಲ, ಮಗುಚಿದ್ರೆ ಉರಿಯುವ ಸ್ಪಿರಿಟ್ ಟೇಬಲ್ ಪೂರ್ತಿ ಹರಡ್ತದೆ, ಉರಿತಾ ಇರುವಾಗ ಸ್ಪಿರಿಟ್ ತುಂಬ್ಲಿಕ್ಕೆ ಹೋಗಿ ಸುಟ್ಟುಕೊಂಡವರಿದ್ದಾರೆ. ಬರ್ನರಾದ್ರೆ ಕಾಕ್ ತಿರುಗಿಸಿದ್ರೆ ಉರಿ ಹೋಯ್ತು.

ಪೈಪ್ ಗ್ಯಾಸ್ ಬಂದ್ರೆ

ಕೊಚ್ಚಿಯಿಂದ ಮಂಗಳೂರಿಗೆ ಸುಮಾರು 450 ಕಿಲೋಮೀಟರಿನ ಗೇಲ್ ಪೈಪ್‌ಲೈನ್ 2021ರ ಜನವರಿ 5ಕ್ಕೆ ಉದ್ಘಾಟನೆ ಆಯ್ತಲ್ಲ, ಈಗ ಕೆಲವು ಏರಿಯಾದಲ್ಲಿ ಮನೆಗಳಿಗೆ ಪೈಪ್ ಗ್ಯಾಸ್ ಬರ್ತಾ ಉಂಟು. ನಾಳೆ ನಿಮ್ಮ ಶಾಲೆಗೂ ಬಂದ್ರೆ ಮೇಲೆ ಹೇಳಿದ ಜೆಟ್ ಲೆಕ್ಕ ಉಲ್ಟಾ ಆಗ್ತದೆ. ಪೈಪಲ್ಲಿ ಬರುದು ಮುಖ್ಯವಾಗಿ ಮೀಥೇನ್, ಎಲ್‌ಪಿಜಿ ಜೆಟ್ಟಿಗೆ ಅದನ್ನು ಕೊಟ್ರೆ ಉರಿ ಬೆರಳಿನಷ್ಟೇ ಬರ್ತದೆ, ಗಾಳಿ ತೆಗೆದ ಕೂಡ್ಲೆ ನಂದಿ ಹೋಗ್ತದೆ. ಎಲ್ಲ ಬರ್ನರಿನ ಜೆಟ್ ಬದಲಾಯಿಸ್ಬೇಕು, ನೀವೇ ತೂತು ಕೊರೆಯುದಲ್ಲ, ಆ ಗ್ಯಾಸಿಗೆ ಅಂತ ಇರುವ ಜೆಟ್ ತರಿಸಿ ಹಾಕ್ಬೇಕು. ಮೀಥೇನ್ ಗಾಳಿಗಿಂತ ಹಗುರ, ಲೀಕ್ ಆದ್ರೆ ಮೇಲೆ ಮಾಡಿನ ಹತ್ತಿರ ಸೇರ್ತದೆ, ಆಗ ಮೇಲಿನ ವೆಂಟಿಲೇಟರ್ ತೆರೆದಿರ್ಬೇಕು, ವಾಸನೆ ನೋಡ್ಲಿಕ್ಕೆ ಬಗ್ಗಿ ಪ್ರಯೋಜನ ಇಲ್ಲ. ಬದಲಾಯಿಸುವ ಸಮಯದಲ್ಲಿ ಹಳೇದು ಹೊಸದು ಮಿಕ್ಸ್ ಆಗದ ಹಾಗೆ ಪ್ರತಿ ಬರ್ನರಿನ ತಳಕ್ಕೆ ಪೇಂಟಲ್ಲಿ ಗುರುತು ಹಾಕಿ, ಎಲ್‌ಪಿಜಿಯದ್ದಕ್ಕೆ ಕೆಂಪು, ಪೈಪಿನದ್ದಕ್ಕೆ ಹಳದಿ, ಆ ಗುರುತಿನ ಅರ್ಥವನ್ನು ಸ್ಟಾಕ್ ರಿಜಿಸ್ಟರಲ್ಲೂ ಬರೆದಿಡಿ, ಟ್ರಾನ್ಸ್‌ಫರ್ ಆಗಿ ಬರುವ ಮುಂದಿನ ಟೀಚರಿಗೆ ಬೇಕಾಗ್ತದೆ.